ಟಿಬೆಟನ್ ಬೆಳ್ಳಿಯಲ್ಲಿ ಬೆಳ್ಳಿ ಎಷ್ಟು?

"ಅಕ್ಕಾರ, ನಾ ಮೋಸ ಹೋದ್ನೇನ್ರಿ?"

ರಾಣೆಬೆನ್ನೂರಿನಿಂದ ಫೋನ್ ಮಾಡಿದ ಆ ಗೃಹಿಣಿಯ ಮೊದಲ ಮಾತೇ ಇದು. ನಮಸ್ಕಾರ, ಕ್ಷೇಮಸಮಾಚಾರ ಎಲ್ಲ ಆಮೇಲೆ. ಕಲ್ಯಾಣ ಮಂಟಪವೊಂದರಲ್ಲಿ ಮೂರು ದಿನದ ಎಕ್ಸಿಬಿಷನ್ ಹಾಕಿದ್ದರಂತೆ. ಸೀರೆ, ಬೆಡ್‌ಶೀಟ್, ಉಪ್ಪಿನಕಾಯಿ ನಡುವೆ ಒಂದು ಮೂಲೆಯಲ್ಲಿ ಕಪ್ಪು ಮಖಮಲ್ ಬಟ್ಟೆಯ ಮೇಲೆ ಸರಗಳು. ದೊಡ್ಡ ಪದಕ, ಅದರ ತುಂಬ ಆಕಾಶನೀಲಿ ಕಲ್ಲು, ನಡುನಡುವೆ ಕೆಂಪು ಮಣಿ. "ಆಂಟಿಕ್ ಟಿಬೆಟನ್ ಸಿಲ್ವರ್ ಮೇಡಂ, ನೂರು ವರ್ಷದ ಹಿಂದಿನದು, ನಿರಾಶ್ರಿತರು ತಂದಿದ್ದು" ಎಂದನಂತೆ ಮಾರುವವ. ಹನ್ನೆರಡು ಸಾವಿರ ಹೇಳಿದ್ದನ್ನು ಎಂಟೂವರೆಗೆ ಇಳಿಸಿದ ಖುಷಿಯಲ್ಲಿ ಇವರು ಕೊಂಡೇಬಿಟ್ಟರು. ಅದು ಎರಡು ವರ್ಷ ಸಾಸಿವೆ ಡಬ್ಬಿಯಲ್ಲಿ ಕೂಡಿಟ್ಟ ದುಡ್ಡು. ಯಜಮಾನರಿಗೆ ಗೊತ್ತಿಲ್ಲ.

ಒಂದು ತಿಂಗಳು ಕಳೆಯುವುದರೊಳಗೆ ಸರ ಹಾಕಿಕೊಂಡ ಮಗಳ ಕತ್ತಿನ ಸುತ್ತ ಕೆಂಪು ಗಂಧೆ ಎದ್ದವು. ಬೆವರಿಗೆ ಕುಪ್ಪಸದ ಅಂಚೂ ನೀಲಿಯಾಯಿತು. ಸರಾಫನ ಹತ್ತಿರ ತೆಗೆದುಕೊಂಡು ಹೋದರೆ ಅವರು ಒರೆಗಲ್ಲಿಗೆ ಒಂದೇ ಸಲ ತಿಕ್ಕಿ, ಒಂದು ಹನಿ ಆ್ಯಸಿಡ್ ಬಿಟ್ಟು ನಕ್ಕರಂತೆ. "ಇದನ್ನ ಕರಗಿಸಿದರ ಏನರ ಬರ್ತೈತೇನ್ರಿ?" ಎಂಬುದು ಅವರ ಪ್ರಶ್ನೆ. ನನ್ನ ಉತ್ತರ ಕೇಳಿ ಅವರಿಗೆ ಬೇಜಾರಾಯಿತು. ನನಗೂ ಆಯಿತು.

ಇದೇ ವಾರ ಬ್ಯಾಡಗಿಯಿಂದ ಇನ್ನೊಬ್ಬರ ಪ್ರಶ್ನೆ ಬಂತು. ಅದು ಇದರ ಪೂರ್ತಿ ಉಲ್ಟಾ. ಅವರ ಮನೆಯ ಟ್ರಂಕಿನಲ್ಲಿ ನಿಜವಾದದ್ದೇ ಇತ್ತು. ಆ ಕತೆ ಆಮೇಲೆ ಹೇಳುತ್ತೇನೆ, ಅದು ಸ್ವಲ್ಪ ಉದ್ದ. ಮೊದಲು ಹೆಸರಿನ ವಿಷಯ.

ಹೆಸರಿನಲ್ಲೇ ಇದೆ ಗೊಂದಲ

ಅಂಗಡಿಗಳಲ್ಲಿ, ಆನ್‌ಲೈನಿನಲ್ಲಿ 'ಟಿಬೆಟನ್ ಸಿಲ್ವರ್' ಎಂದು ಮಾರುವ ಹೆಚ್ಚಿನ ಮಾಲಿನಲ್ಲಿ ಬೆಳ್ಳಿಯೇ ಇರುವುದಿಲ್ಲ. ಇದ್ದರೂ ಮೇಲಿನ ತೆಳು ಲೇಪದಷ್ಟು. ತಾಮ್ರ, ಸತು, ತವರ, ನಿಕಲ್ ಇಂಥವನ್ನು ಬೆರೆಸಿ ಅಚ್ಚು ಹೊಯ್ದ ಮಿಶ್ರಲೋಹ ಅದು. ಕೆಲವು ಮಾಲಿನಲ್ಲಿ ಸೀಸವೂ ಸಿಕ್ಕಿದೆ. ಅಂದರೆ 'ಟಿಬೆಟನ್ ಸಿಲ್ವರ್' ಎನ್ನುವುದು ಲೋಹದ ಹೆಸರಲ್ಲ, ಒಂದು ಬಣ್ಣದ ಹೆಸರು, ಒಂದು ನಮೂನೆಯ ಹೆಸರು.

ನಮಗೆ ಇದು ಹೊಸದೇನೂ ಅಲ್ಲ. 'ಜರ್ಮನ್ ಸಿಲ್ವರ್' ತಟ್ಟೆ, ಕುಂಕುಮದ ಬಟ್ಟಲು ಮದುವೆಯಲ್ಲಿ ಮುಯ್ಯಿ ಮಾಡುತ್ತೇವಲ್ಲ, ಅದರಲ್ಲೂ ಬೆಳ್ಳಿ ಇಲ್ಲ. ತಾಮ್ರ, ನಿಕಲ್, ಸತು ಅಷ್ಟೇ. ನಮ್ಮ ಜಿಲ್ಲೆಯ ತಾಂಡಾಗಳ ಹಿರಿಯ ಲಂಬಾಣಿ ಹೆಣ್ಣುಮಕ್ಕಳನ್ನು ಕೇಳಿ ನೋಡಿ. ಕೂದಲಿಗೆ ಕಟ್ಟುವ ಘುಗ್ರಿ, ಟೋಪ್ಲಿಗಳಲ್ಲಿ ಯಾವುದು ಅಜ್ಜಿಯ ಕಾಲದ ಬೆಳ್ಳಿ, ಯಾವುದು ಆಮೇಲೆ ಸಂತೆಯಲ್ಲಿ ತಂದ ಜರ್ಮನ್ ಎಂದು ಕೈಯಲ್ಲಿ ಹಿಡಿದೇ ಹೇಳುತ್ತಾರೆ. ನಾವು ಪ್ಯಾಟಿ ಮಂದಿ ಮಾತ್ರ ಹೆಸರು ಕೇಳಿ ಮರುಳಾಗುತ್ತೇವೆ.

ಹಾಗಂತ ಮಿಶ್ರಲೋಹದ ಸರ ಹಾಕಿಕೊಳ್ಳಲೇಬಾರದು ಎನ್ನುತ್ತಿಲ್ಲ. ಇನ್ನೂರು ರೂಪಾಯಿಗೆ ಕೊಂಡು, ಇಳಕಲ್ ಸೀರೆ ಮೇಲೆ ನಾಲ್ಕು ಸಲ ಹಾಕಿ, ಸಾಕಾದಾಗ ಬಿಸಾಡಿದರೆ ಯಾರಿಗೇನು ನಷ್ಟ? ಖಣದ ಕುಪ್ಪಸಕ್ಕೆ ಆ ನೀಲಿ ಕಲ್ಲು ಒಪ್ಪುವಷ್ಟು ಬಂಗಾರವೂ ಒಪ್ಪುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ತಕರಾರಿರುವುದು ಇನ್ನೂರರ ಮಾಲಿಗೆ ಎಂಟೂವರೆ ಸಾವಿರ ಕೊಡುವುದಕ್ಕೆ. ಮತ್ತು ಒಂದು ಎಚ್ಚರ: ನಿಕಲ್ ಇದ್ದ ಲೋಹ ಕೆಲವರ ಚರ್ಮಕ್ಕೆ ಆಗಿಬರುವುದಿಲ್ಲ. ಕಿವಿ ಕೀವಾಗುವುದು, ಕತ್ತು ತುರಿಸಿ ಕಪ್ಪಾಗುವುದು ಅದರಿಂದಲೇ. ಒಮ್ಮೆ ಶುರುವಾದ ಅಲರ್ಜಿ ಸಾಮಾನ್ಯವಾಗಿ ಜೀವನವಿಡೀ ಉಳಿಯುತ್ತದೆ, ಮುಂದೆ ವಾಚಿನ ಹಿಂಬದಿ, ಪ್ಯಾಂಟಿನ ಗುಂಡಿ ತಾಗಿದರೂ ಗಂಧೆ ಏಳಬಹುದು. ಸರ ತೆಗೆದಿಡಿ, ನಾಲ್ಕು ದಿನದಲ್ಲಿ ಕಡಿಮೆಯಾಗದಿದ್ದರೆ ಚರ್ಮದ ಡಾಕ್ಟರಿಗೆ ತೋರಿಸಿ. ಸಣ್ಣ ಮಕ್ಕಳ ಬಾಯಿಗೆ ಸಿಗುವ ಕಡೆ ಇಂಥ ಸರ ಇಡಲೇಬೇಡಿ, ಸೀಸ ಇದ್ದರೆ ಅಪಾಯ.

ಹಾನಗಲ್ ದಾಟಿದರೆ ಟಿಬೆಟ್

ನಮ್ಮ ಕಡೆಯವರು ಟಿಬೆಟ್ ಎಂದರೆ ಬೇಗ ನಂಬುವುದಕ್ಕೆ ಕಾರಣವಿದೆ. ಹಾವೇರಿಯಿಂದ ಹಾನಗಲ್ ದಾಟಿ ಒಂದೂವರೆ-ಎರಡು ತಾಸು ಹೋದರೆ ಮುಂಡಗೋಡ. ಅಲ್ಲಿ 1966ರಲ್ಲಿ ಕಾಡು ಕಡಿದು ಟಿಬೆಟಿಯನ್ ನಿರಾಶ್ರಿತರಿಗೆ ಸುಮಾರು ನಾಲ್ಕು ಸಾವಿರ ಎಕರೆಯಲ್ಲಿ ಊರು ಕಟ್ಟಿಕೊಟ್ಟರು. ಅವರು ಅದನ್ನು ದೋಗುಲಿಂಗ್ ಎನ್ನುತ್ತಾರೆ, ನಾವು 'ಟಿಬೆಟ್ ಕ್ಯಾಂಪ್', 'ಲಾಮಾ ಕ್ಯಾಂಪ್' ಎನ್ನುತ್ತೇವೆ. ಗಾಂದೆನ್ ಮತ್ತು ದ್ರೆಪುಂಗ್ ಎಂಬ ಎರಡು ದೊಡ್ಡ ಮಠಗಳು ಅಲ್ಲಿವೆ. ಮೈಸೂರು ಕಡೆಯ ಬೈಲಕುಪ್ಪೆ ಇನ್ನೂ ಹಳೆಯದು, 1960-61ರಷ್ಟು ಹಿಂದಿನದು. ಆಮೇಲೆ ಹುಣಸೂರು, ಕೊಳ್ಳೇಗಾಲದ ಹತ್ತಿರವೂ ಊರುಗಳಾದವು.

ಮೆಕ್ಕೆಜೋಳದ ರಾಶಿ ಮುಗಿದ ಮೇಲೆ ಕೈಯಲ್ಲಿ ಕೆಲಸವಿಲ್ಲದ ತಿಂಗಳುಗಳಲ್ಲಿ ಈ ಮಂದಿ ಸ್ವೆಟರ್ ವ್ಯಾಪಾರಕ್ಕೆ ಹೊರಟರು. ಮಾಲು ಬಹುಪಾಲು ಲೂಧಿಯಾನದ್ದು. ದೀಪಾವಳಿ ಕಳೆದು ಚಳಿ ಬಿತ್ತೆಂದರೆ ರಸ್ತೆ ಬದಿಗೆ ಅವರ ಅಂಗಡಿ. ನನ್ನ ಮೊದಲ ಉಣ್ಣೆಯ ಟೊಪ್ಪಿಗೆ ಅಂಥದ್ದೇ ಒಂದು ಅಂಗಡಿಯದು. ಕೊಟ್ಟಾಕೆಯ ಕತ್ತಿನಲ್ಲಿ ಇದ್ದ ಮೊಟ್ಟೆಯಷ್ಟು ದಪ್ಪದ ಹಳದಿ ಮಣಿ, ಪಕ್ಕದಲ್ಲಿ ಹವಳ, ಅದರ ಪಕ್ಕ ನೀಲಿ ಕಲ್ಲು... ಟೊಪ್ಪಿಗೆ ಬಿಟ್ಟು ನಾನು ಅದನ್ನೇ ನೋಡುತ್ತ ನಿಂತಿದ್ದು ಈಗಲೂ ನೆನಪಿದೆ.

ಆ ಹಳದಿ ಮಣಿ ಅಂಬರ್, ಅಂದರೆ ಹಳೆಯ ಮರದ ಅಂಟು ಕಲ್ಲಾದದ್ದು. ಹವಳ ಅವರಿಗೂ ನಮ್ಮಷ್ಟೇ ಪ್ರೀತಿ. ನಮ್ಮ ತಾಳಿಸರದಲ್ಲಿ ಕರಿಮಣಿಯ ಜತೆ ಹವಳ ಪೋಣಿಸುವುದಿಲ್ಲವೇ ಹಾಗೆ. ಸಮುದ್ರವೇ ಇಲ್ಲದ ನಾಡಿಗೆ ಮೆಡಿಟರೇನಿಯನ್ ಹವಳ ಹೋಗಿ ಸೇರಿದ್ದು ವ್ಯಾಪಾರಿಗಳ ಹೇಸರಗತ್ತೆ, ಯಾಕ್‌ಗಳ ಬೆನ್ನೇರಿ. ನೀಲಿ ಕಲ್ಲೇ ಫಿರೋಜಾ, ಅವರ ಮಾತಿನಲ್ಲಿ 'ಯು'. (ಕೆಲವರು ಇದನ್ನು ವೈಡೂರ್ಯ ಎನ್ನುತ್ತಾರೆ. ನಮ್ಮ ನವರತ್ನದಲ್ಲಿ ವೈಡೂರ್ಯ ಅಂದರೆ ಬೆಕ್ಕಿನ ಕಣ್ಣಿನ ಕಲ್ಲು, ಅದೇ ಬೇರೆ.) ಫಿರೋಜಾ ಮೈಮೇಲಿದ್ದರೆ ಕೆಡುಕು ತಾಗುವುದಿಲ್ಲ, ಹಾಕಿಕೊಂಡವರಿಗೆ ಕಾಯಿಲೆ ಬರುವಾಗ ಕಲ್ಲು ಬಣ್ಣಗೆಡುತ್ತದೆ ಎಂಬ ನಂಬಿಕೆ ಅವರಲ್ಲಿದೆ. ಮನುಷ್ಯನ ಜೀವವೇ ಒಂದು ಕಲ್ಲಿನಲ್ಲಿ ನೆಲೆಸಿರುತ್ತದೆ ಎಂದು ನಂಬಿ ಅದಕ್ಕೆ 'ಲಾ-ಯು' ಎಂಬ ಹೆಸರನ್ನೇ ಇಟ್ಟಿದ್ದಾರೆ.

1959ರಲ್ಲಿ ದೇಶ ಬಿಟ್ಟು ಹಿಮದಲ್ಲಿ ನಡೆದು ಬಂದವರು ತರಲು ಸಾಧ್ಯವಿದ್ದದ್ದು ಮೈಮೇಲಿನ ಒಡವೆ ಮಾತ್ರ. ಹೊಲ ಬರಲಿಲ್ಲ, ಮನೆ ಬರಲಿಲ್ಲ. ದಾರಿಯಲ್ಲೇ ನೇಪಾಳ, ಕಾಲಿಂಪಾಂಗ್, ಡಾರ್ಜಿಲಿಂಗ್‌ಗಳಲ್ಲಿ ಹಿಟ್ಟಿಗೆ, ಔಷಧಿಗೆ ಅದನ್ನು ಮಾರಿಕೊಂಡರು. ಆದ್ದರಿಂದಲೇ 'ನಿರಾಶ್ರಿತರ ಹಳೆಯ ಒಡವೆ' ಎಂಬ ಮಾತಿನಲ್ಲಿ ಸ್ವಲ್ಪ ನಿಜವಿದೆ. ಆದರೆ ಒಳ್ಳೆಯ ಹಳೆಯ ತುಂಡುಗಳು ಆಗಲೇ ದೊಡ್ಡ ವ್ಯಾಪಾರಿಗಳ ಕೈಗೆ, ವಿದೇಶದ ಸಂಗ್ರಹಗಳಿಗೆ ಹೋಗಿಬಿಟ್ಟವು. ಉಳಿದದ್ದನ್ನು ಮನೆಯವರು ಲೋಸಾರ್ ಹಬ್ಬಕ್ಕೆ, ಮದುವೆಗೆ ಹೊರಗೆ ತೆಗೆಯುತ್ತಾರೆ. ಅಂಥದ್ದು ನಮ್ಮೂರ ಕಲ್ಯಾಣ ಮಂಟಪಕ್ಕೆ, ಅದೂ ಒಂದೇ ಅಚ್ಚಿನ ಹನ್ನೆರಡು ಪೀಸು, ಹೇಗೆ ಬರುತ್ತದೆ ಹೇಳಿ? ಹನ್ನೆರಡು ಅಜ್ಜಿಯರಿಗೂ ಒಂದೇ ಪತ್ತಾರ, ಒಂದೇ ದಿನ, ಒಂದೇ ಜಾಗದಲ್ಲಿ ಗೀರು ಬಿದ್ದಂತೆ ಮಾಡಿಕೊಟ್ಟನೇ?

ಕೊಳ್ಳುವ ಮುಂಚೆ ಕೈಯಲ್ಲಿ ಹಿಡಿದು ನೋಡಿ

ಮೊದಲು ತೂಕ. ಬೆಳ್ಳಿ ಭಾರದ ಲೋಹ. ಮನೆಯ ಬೆಳ್ಳಿ ಲೋಟವನ್ನು ದಿನಾ ಹಿಡಿಯುವ ಕೈಗೆ ಸತುವಿನ ಅಚ್ಚು ಹಗುರ ಎಂದು ಕೂಡಲೇ ತಿಳಿಯುತ್ತದೆ. ಆಮೇಲೆ ತಿರುಗಿಸಿ ಹಿಂಬದಿ ನೋಡಿ. ಕೈಯಿಂದ ತಗಡು ಬಡಿದು ಉಬ್ಬಿಸಿದ ಕೆಲಸವಾದರೆ ಹಿಂದೆ ಸುತ್ತಿಗೆಯ, ಉಳಿಯ ಗುರುತು ತಗ್ಗುದಿಣ್ಣೆಯಾಗಿ ಕಾಣುತ್ತದೆ. ಅಚ್ಚಿನದಾದರೆ ಸಣ್ಣ ಗುಳ್ಳೆಗಳು, ಅಂಚಿನಲ್ಲಿ ಎರಡು ಅಚ್ಚು ಕೂಡಿದ ಗೆರೆ.

ಹಳೆಯದೆಂದು ತೋರಿಸಲು ಗಂಧಕದ ದ್ರಾವಣದಲ್ಲಿ ಅದ್ದಿ ಕಪ್ಪು ಮಾಡುವುದು ಸುಲಭದ ಕೆಲಸ. ಆ ಕಪ್ಪು ಎಲ್ಲ ಕಡೆ ಒಂದೇ ಸಮ ಇರುತ್ತದೆ. ಐವತ್ತು-ಅರವತ್ತು ವರ್ಷ ಮೈಮೇಲಿದ್ದದ್ದು ಹಾಗಿರುವುದಿಲ್ಲ. ಉಬ್ಬಿದ ಕಡೆ ನುಣುಪಾಗಿ ಸವೆದಿರುತ್ತದೆ, ಸಂದಿಯಲ್ಲಿ ಮಾತ್ರ ಕಪ್ಪು. ದಾರ ಹಾಯುವ ಕೊಳವೆ, ಬಳೆಗಳು ಒಂದು ಕಡೆ ತೆಳ್ಳಗಾಗಿರುತ್ತವೆ. ನಿಮ್ಮ ಅತ್ತೆಯ ಹಳೆಯ ಕಾಲುಂಗುರ ನೆಲಕ್ಕೆ ತಾಗುವ ಕಡೆ ಹೇಗೆ ಸವೆದಿದೆ, ನೆನಪಿಸಿಕೊಳ್ಳಿ. ಅದೇ ಲೆಕ್ಕ ಇಲ್ಲೂ.

ಮ್ಯಾಗ್ನೆಟ್ ಹಿಡಿದು ನೋಡಿ ಎಂದು ಎಲ್ಲರೂ ಹೇಳುತ್ತಾರೆ. ಅಂಟಿದರೆ ಬೆಳ್ಳಿ ಅಲ್ಲ, ಸರಿ. ಆದರೆ ಅಂಟದಿದ್ದರೆ ಬೆಳ್ಳಿ ಎಂದೇನೂ ಅಲ್ಲ, ತಾಮ್ರ, ಹಿತ್ತಾಳೆ, ಜರ್ಮನ್ ಸಿಲ್ವರ್ ಕೂಡ ಅಂಟುವುದಿಲ್ಲ. ನಂಬುವಂಥ ಪರೀಕ್ಷೆ ಬೇಕಿದ್ದರೆ ಗುರುತಿನ ಸರಾಫರ ಹತ್ತಿರ ಒರೆ ಹಚ್ಚಿಸಿ, ಇಲ್ಲವೇ ಹಾಲ್‌ಮಾರ್ಕ್ ಕೇಂದ್ರದ ಎಕ್ಸ್‌ರೇ ಮಷಿನ್ನಿನಲ್ಲಿ ತೋರಿಸಿ. ಈ ಮಷಿನ್ ನೋಡುವುದು ಮೇಲ್ಮೈಯನ್ನು ಮಾತ್ರ. ದಪ್ಪ ಲೇಪವಿದ್ದರೆ ಅದೂ ಮೋಸ ಹೋಗಬಹುದು, ಆದ್ದರಿಂದ ಸವೆದ ಜಾಗದಲ್ಲಿ ಹಿಡಿಯಲು ಹೇಳಿ.

ಬೆಳ್ಳಿಗೆ ಹಾಲ್‌ಮಾರ್ಕ್ ನಮ್ಮಲ್ಲಿ 2005ರಿಂದ ಇದೆ. 2025ರ ಸೆಪ್ಟೆಂಬರ್‌ನಿಂದ ಬಂಗಾರದ ಹಾಗೆ ಆರು ಅಕ್ಷರ-ಅಂಕಿಯ ಎಚ್‌ಯುಐಡಿ ಗುರುತೂ ಬಂತು. ಆದರೆ ಬಂಗಾರಕ್ಕಿದ್ದಂತೆ ಬೆಳ್ಳಿಗೆ ಇದನ್ನು ಕಡ್ಡಾಯ ಮಾಡದೆ, ಅಂಗಡಿಯವರ ಇಷ್ಟಕ್ಕೆ ಬಿಟ್ಟು ಜಾರಿಗೆ ತಂದರು. ಗುರುತು ಇದ್ದರೆ ಬಿಐಎಸ್ ಕೇರ್ ಆ್ಯಪಿನಲ್ಲಿ ನಂಬರ್ ಹಾಕಿ ನೋಡಬಹುದು. ಸುಮ್ಮನೆ '925' ಎಂದು ಕೆತ್ತಿದ್ದನ್ನೇ ಹಾಲ್‌ಮಾರ್ಕ್ ಎಂದುಕೊಳ್ಳಬೇಡಿ. 925 ಎಂದರೆ ಸಾವಿರ ಪಾಲಿನಲ್ಲಿ 925 ಪಾಲು ಬೆಳ್ಳಿ ಎಂದರ್ಥ, ಆದರೆ ಆ ಅಂಕಿಯನ್ನು ಸತುವಿನ ಮೇಲೂ ಒತ್ತಬಹುದು, ಕೈ ಹಿಡಿಯುವವರು ಯಾರು? ನಿಜವಾಗಿ ಹಳೆಯದಾದ ಟಿಬೆಟ್ ಒಡವೆಯ ಮೇಲಂತೂ 925 ಇರುವ ಮಾತೇ ಇಲ್ಲ. ನೂರು ವರ್ಷದ ಪದಕದ ಮೇಲೆ 925 ಕಂಡರೆ ಅಲ್ಲೇ ಇಟ್ಟು ಬನ್ನಿ.

ಒಂದು ಮಾತು ನ್ಯಾಯವಾಗಿ ಹೇಳಬೇಕು. ಹೊಸದೆಲ್ಲ ಕೆಟ್ಟದ್ದಲ್ಲ. ನೇಪಾಳದ ಪಾಟನ್, ಕಠ್ಮಂಡುಗಳಲ್ಲಿ ನೇವಾರ ಪತ್ತಾರರು ಒಳ್ಳೆಯ ಬೆಳ್ಳಿಯಲ್ಲೇ ಇಂಥ ಒಡವೆ ಮಾಡುತ್ತಾರೆ. ಹಿಂದೆ ಲಾಸಾಕ್ಕೇ ಹೋಗಿ ಕೆಲಸ ಮಾಡುತ್ತಿದ್ದ ಮನೆತನದ ಕಸಬು ಅದು. "ಇದು ಹೊಸದು, ನೇಪಾಳದ್ದು, ಇಷ್ಟು ಗ್ರಾಂ ಬೆಳ್ಳಿ" ಎಂದು ನೇರವಾಗಿ ಹೇಳಿ ಬಿಲ್ ಕೊಡುವವರ ಹತ್ತಿರ ಧಾರಾಳವಾಗಿ ಕೊಳ್ಳಿ.

ನೀಲಿ ಕಲ್ಲಿನ ಬಣ್ಣ ಬಯಲು

ಫಿರೋಜಾ ಎನ್ನುವುದು ತಾಮ್ರ, ಅಲ್ಯೂಮಿನಿಯಂ, ಫಾಸ್ಫೇಟ್ ಮತ್ತು ನೀರಿನ ಅಂಶ ಸೇರಿ ಆದ ಕಲ್ಲು. ತಾಮ್ರದಿಂದ ನೀಲಿ, ಕಬ್ಬಿಣ ಸೇರಿದರೆ ಹಸಿರು. ಇರಾನಿನ ನಿಶಾಪುರದ ಗಣಿ ಬಹಳ ಹಿಂದಿನಿಂದ ಹೆಸರಾದದ್ದು. ಇತ್ತೀಚೆಗೆ ಚೀನಾದ ಹುಬೇ ಪ್ರಾಂತ್ಯದ್ದು ಹೆಚ್ಚು. ಒಳ್ಳೆಯ ಕಲ್ಲು ಕಡಿಮೆ, ಬೇಡಿಕೆ ಜಾಸ್ತಿ. ಹಾಗಾಗಿ ಹೌಲೈಟ್, ಮ್ಯಾಗ್ನೆಸೈಟ್ ಎಂಬ ಬಿಳಿ ಕಲ್ಲಿಗೆ ನೀಲಿ ಬಣ್ಣ ಕುಡಿಸಿ ಮಾರುತ್ತಾರೆ. ಅದರಲ್ಲೂ ಕಪ್ಪು ಗೆರೆಗಳ ಬಲೆ ಇರುವುದರಿಂದ ಕಣ್ಣಿಗೆ ಥೇಟ್ ಅದೇ. ಇನ್ನು ಪ್ಲಾಸ್ಟಿಕ್ಕಿನದಂತೂ ಬಿಡಿ, ಕೆನ್ನೆಗೆ ಹಿಡಿದರೆ ತಣ್ಣಗೇ ಆಗುವುದಿಲ್ಲ.

ನೇಲ್ ಪಾಲಿಷ್ ತೆಗೆಯುವ ದ್ರಾವಣವನ್ನು ಹತ್ತಿಗೆ ಸ್ವಲ್ಪ ಹಾಕಿ ಕಲ್ಲಿನ ಹಿಂಬದಿಯಲ್ಲಿ, ಕಾಣದ ಕಡೆ, ಒಂದೇ ಸಲ ಒರೆಸಿ. ಹತ್ತಿ ನೀಲಿಯಾದರೆ ಬಣ್ಣ ಹಾಕಿದ್ದೆಂದು ಖಾತ್ರಿ. ಮಣಿಯಾದರೆ ದಾರ ಪೋಣಿಸುವ ತೂತಿನೊಳಗೆ ಟಾರ್ಚ್ ಬಿಟ್ಟು ನೋಡಿ, ಬಣ್ಣ ಹಾಕಿದ್ದರೆ ಒಳಗೆ ಬಿಳಿ ಇಣುಕುತ್ತದೆ. ಕಾಯಿಸಿದ ಸೂಜಿ ಚುಚ್ಚುವ ಪರೀಕ್ಷೆಯೊಂದನ್ನು ಹೇಳುತ್ತಾರೆ, ಅದನ್ನು ಮಾಡಬೇಡಿ. ಕಲ್ಲು ನಿಜವಾಗಿದ್ದರೂ ಕಲೆ ಉಳಿಯುತ್ತದೆ, ಆಮೇಲೆ ಅಯ್ಯೋ ಅಂದರೆ ಬಂತೇ? ದುಬಾರಿಯ ಕಲ್ಲಾದರೆ ಜೈಪುರದ ಜೆಮ್ ಟೆಸ್ಟಿಂಗ್ ಲ್ಯಾಬೊರೇಟರಿಯಂಥ ಕಡೆಯ ಸರ್ಟಿಫಿಕೇಟ್ ಕೇಳಬಹುದು. ಮೃದು ಕಲ್ಲಿಗೆ ರಾಳ ಕುಡಿಸಿ ಗಟ್ಟಿ ಮಾಡಿದ್ದು ಕೂಡ ಮಾರುಕಟ್ಟೆಯಲ್ಲಿ ಬಹಳ. ಅದು ಮೋಸವೇನಲ್ಲ, ಹೇಳಿ ಮಾರಬೇಕು ಅಷ್ಟೇ.

ನಾನೂ ಶಾಣ್ಯಾಕಿಯೇನಲ್ಲ. ಪ್ರವಾಸ ಹೋದಾಗ ಗಿರಿಧಾಮವೊಂದರ ಫುಟ್‌ಪಾತಿನಲ್ಲಿ ಕೊಂಡ ಫಿರೋಜಾ ಓಲೆ ಹಾಕಿಕೊಂಡು ಅರಿಸಿನ ಕುಂಕುಮಕ್ಕೆ ಹೋಗಿ, ಕಿವಿಯ ಕೆಳಗೆ ಕೃಷ್ಣನ ಬಣ್ಣ ಮಾಡಿಕೊಂಡು ಬಂದವಳೇ!

ಬ್ಯಾಡಗಿಯ ಡಬ್ಬಿ

ಈಗ ಆ ಇನ್ನೊಂದು ಕತೆ. ಬ್ಯಾಡಗಿಯ ಈ ಗೃಹಿಣಿಯ ಮನೆಯವರದು ಮೆಣಸಿನಕಾಯಿ ವ್ಯಾಪಾರ. ಅತ್ತೆ ತೀರಿಕೊಂಡ ಮೇಲೆ ಅವರ ಟ್ರಂಕು ತೆಗೆದರೆ ಇಳಕಲ್ ಸೀರೆಗಳ ಕೆಳಗೆ, ಹಳೆಯ ಸ್ವೆಟರಿನಲ್ಲಿ ಸುತ್ತಿದ ಒಂದು ಬೆಳ್ಳಿಯ ಡಬ್ಬಿ ಸಿಕ್ಕಿತು. ಎರಡು ಚೌಕ ಒಂದರ ಮೇಲೊಂದು ಓರೆಯಾಗಿ ಇಟ್ಟರೆ ಎಂಟು ಮೂಲೆಯ ನಕ್ಷತ್ರವಾಗುತ್ತದಲ್ಲ, ಆ ಆಕಾರ. ಮುಂದೆ ಹಸಿರುನೀಲಿ ಕಲ್ಲುಗಳು, ಎರಡು ಉದುರಿವೆ. ಹಿಂದೆ ಸಾದಾ ತಾಮ್ರದ ತಗಡು. ಅಲ್ಲಾಡಿಸಿದರೆ ಒಳಗೆ ಏನೋ ಸದ್ದು.

ಇದರ ಹಿನ್ನೆಲೆ ಮನೆಯಲ್ಲಿ ಎಲ್ಲರಿಗೂ ಅರ್ಧಮರ್ಧ ಗೊತ್ತಿತ್ತು. 1970ರ ದಶಕದ ಕೊನೆಯಲ್ಲಿ ಸ್ವೆಟರ್ ಮಾರಲು ಬರುತ್ತಿದ್ದ ಒಬ್ಬ ಟಿಬೆಟ್ ಹೆಣ್ಣುಮಗಳು ಪ್ರತಿ ಚಳಿಗಾಲ ಇವರ ಪಡಸಾಲೆಯಲ್ಲೇ ಮಾಲಿನ ಗಂಟು ಇಟ್ಟು ಮಲಗುತ್ತಿದ್ದಳು. ಅತ್ತೆಗೂ ಅವಳಿಗೂ ಭಾಷೆ ಇಲ್ಲ, ಆದರೆ ಗೆಳೆತನ. ಒಂದು ವರ್ಷ ಮಗುವಿಗೆ ಜ್ವರ ಬಂದು ಹುಬ್ಬಳ್ಳಿ ಆಸ್ಪತ್ರೆಗೆ ಓಡುವಾಗ ಮುನ್ನೂರು ರೂಪಾಯಿ ತೆಗೆದುಕೊಂಡು, ಬೇಡ ಬೇಡ ಎಂದರೂ ಕೇಳದೆ ಕತ್ತಿನ ಈ ಡಬ್ಬಿ ಒತ್ತೆ ಇಟ್ಟು ಹೋದಳು. ಮುಂದಿನ ಚಳಿಗಾಲ ಬರಲಿಲ್ಲ. ಆಮೇಲೆಯೂ ಬರಲಿಲ್ಲ. ಅತ್ತೆ ಅದನ್ನು ಒಂದು ದಿನವೂ ಹಾಕಿಕೊಳ್ಳಲಿಲ್ಲ, ಮಾರಲೂ ಇಲ್ಲ. "ಆಕಿ ಬರ್ತಾಳ" ಎನ್ನುತ್ತಿದ್ದರಂತೆ.

ಈಗ ಮನೆಯಲ್ಲಿ ಮೂರು ಮಾತು. ಯಜಮಾನರು: ಬೆಳ್ಳಿ ದರ 2025ರಲ್ಲಿ ಕಿಲೋಕ್ಕೆ ಒಂದೂವರೆ ಲಕ್ಷ ದಾಟಿತು, ಕರಗಿಸಿ ಹೊಸ ದೀಪ ಮಾಡಿಸೋಣ. ಅಮೆರಿಕದಲ್ಲಿರುವ ಮಗಳು: ಇಲ್ಲಿ ಇಂಥದ್ದಕ್ಕೆ ಡಾಲರಿನಲ್ಲಿ ಬೆಲೆ ಇದೆ, ಕಳಿಸಿಕೊಡು ಮಮ್ಮಿ. ಇವರ ಮನಸ್ಸು ಮಾತ್ರ ಯಾವುದಕ್ಕೂ ಒಪ್ಪದು. "ಇದು ನಮ್ಮದು ಹೌದಾ ಅಲ್ಲಾ, ಅದನ್ನ ಮೊದಲ ಹೇಳ್ರಿ ಅಕ್ಕಾರ" ಎಂದರು.

ಕರಗಿಸುವ ಮಾತನ್ನು ಲೆಕ್ಕದಿಂದಲೇ ಮುಗಿಸಬಹುದಿತ್ತು. ಕಲ್ಲು ಕಳೆದು, ತಾಮ್ರದ ಹಿಂಬದಿ ಕಳೆದು, ಕಲ್ಲು ಕೂರಿಸಿದ ಅರಗು-ಅಂಟು ಕಳೆದು, ಕರಗಿಸುವಾಗಿನ ಸವಕಳಿ ಕಳೆದರೆ ಉಳಿಯುವ ಬೆಳ್ಳಿ ಒಂದು ಹಿಡಿಯೂ ಅಲ್ಲ. ಇಂಥ ಒಡವೆಯ ಬೆಲೆ ಇರುವುದು ಕೆಲಸದಲ್ಲಿ, ಇಡಿಯಾಗಿ ಉಳಿದಿರುವುದರಲ್ಲಿ. ಮಗಳ ಮಾತಿಗೆ ಕಾನೂನು ಅಡ್ಡ ಬರುತ್ತದೆ. 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ತುಂಬಿದ ಇಂಥ ವಸ್ತುವನ್ನು ನಾವು-ನೀವು ದೇಶದ ಹೊರಗೆ ಕಳಿಸುವಂತಿಲ್ಲ. ಮಗಳ ಸೂಟ್‌ಕೇಸಿನಲ್ಲಿ ಚಟ್ನಿಪುಡಿ ಜತೆ ಇಟ್ಟರೂ ಅಪರಾಧವೇ. ಅಷ್ಟು ಹಳೆಯದಲ್ಲ ಎನ್ನುವುದಾದರೆ ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯಿಂದ 'ಪುರಾತನ ವಸ್ತು ಅಲ್ಲ' ಎಂಬ ಪ್ರಮಾಣಪತ್ರ ಪಡೆಯಬೇಕು. ಇಲಾಖೆಯ ವೃತ್ತ ಕಚೇರಿ ನಮಗೆ ಹತ್ತಿರ ಎಂದರೆ ಧಾರವಾಡದಲ್ಲಿದೆ. ಪುರಾತನ ವಸ್ತು ಮಾರುವ ವ್ಯಾಪಾರಕ್ಕೂ ಲೈಸೆನ್ಸ್ ಬೇಕು. ಎಕ್ಸಿಬಿಷನ್ನಿನಲ್ಲಿ "ನೂರು ವರ್ಷದ್ದು" ಎನ್ನುವವರನ್ನು "ಲೈಸೆನ್ಸ್ ತೋರಿಸ್ರಿ" ಎಂದು ಕೇಳಿ ನೋಡಿ, ವಸ್ತುವಿನ ವಯಸ್ಸು ಅಲ್ಲೇ ಇಳಿಯುತ್ತದೆ!

ಆದರೆ ಯಜಮಾನರು ಒಪ್ಪಿದ್ದು ಈ ಲೆಕ್ಕಕ್ಕಲ್ಲ. ಆ ಡಬ್ಬಿಗೆ ಟಿಬೆಟ್ ಮಾತಿನಲ್ಲಿ 'ಗಾವು' ಎನ್ನುತ್ತಾರೆ. ಒಳಗೆ ಲಾಮಾಗಳು ಮಂತ್ರಿಸಿದ ಬರಹದ ಚೀಟಿ, ಮಣ್ಣಿನ ಸಣ್ಣ ಮುದ್ರೆ, ಗುರುವಿನ ಬಟ್ಟೆಯ ಚೂರು ಇಟ್ಟು ಎದೆಯ ಮೇಲೆ ಹಾಕಿಕೊಳ್ಳುವುದು. "ಅಂದರ ನಮ್ಮ ಕರಡಿಗಿ ಇದ್ದಂಗ" ಎಂದೆ. ಎದೆಯ ಮೇಲೆ ಲಿಂಗದ ಬೆಳ್ಳಿ ಕರಡಿಗೆ ಧರಿಸುವ ಮನೆ ಅದು. ಯಜಮಾನರು ಪೇಪರ್ ಮಡಚಿಟ್ಟರು. "ಹಂಗಾರ ಅದನ್ನ ತೆಗಿಯೂದು ಬ್ಯಾಡ, ಕರಗಿಸೂದೂ ಬ್ಯಾಡ" ಎಂದವರು ಮತ್ತೆ ದೀಪದ ಸುದ್ದಿ ಎತ್ತಲಿಲ್ಲ.

ಲೋಸಾರ್ ಹೊತ್ತಿಗೆ, ಅದು ಫೆಬ್ರುವರಿ-ಮಾರ್ಚಿನಲ್ಲಿ ಬರುವ ಅವರ ಹೊಸ ವರ್ಷ, ನಾವಿಬ್ಬರೂ ಮುಂಡಗೋಡಕ್ಕೆ ಹೋದೆವು. (ನಮಗೆ ಅಲ್ಲಿಗೆ ಹೋಗಲು ಪರವಾನಗಿ ಬೇಕಿಲ್ಲ. ವಿದೇಶಿ ಪಾಸ್‌ಪೋರ್ಟಿನ ಅತಿಥಿಗಳನ್ನು ಕರೆದೊಯ್ದು ಉಳಿಸುವುದಾದರೆ ಮುಂಚೆಯೇ ಪಿಎಪಿ ಎಂಬ ಪರವಾನಗಿ ಮಾಡಿಸಬೇಕು.) ಹೆಣ್ಣುಮಕ್ಕಳು ಉದ್ದನೆಯ ಛುಬಾ ಉಟ್ಟು, ಮದುವೆಯಾದವರು ಮುಂದೆ ಪಟ್ಟೆಪಟ್ಟೆಯ ಪಂಗ್ದೆನ್ ಕಟ್ಟಿಕೊಂಡು ಓಡಾಡುತ್ತಿದ್ದರು. ಕೆಲವರ ಎದೆಯ ಮೇಲೆ ಇಂಥದ್ದೇ ನಕ್ಷತ್ರ.

ಹೆಸರಿಲ್ಲ, ಊರಿಲ್ಲ, ಮಗುವಿನ ಜ್ವರವೊಂದೇ ಗುರುತು. ಇವರು ಯಾರನ್ನು ಎಂದು ಕೇಳಬೇಕು? ಕೊನೆಗೆ ಹಳ್ಳಿ ಕನ್ನಡ ಬರುವ ಒಬ್ಬ ಹಣ್ಣುಹಣ್ಣು ಅಜ್ಜಿಯ ಮುಂದೆ ಕೂರಿಸಿದರು. ಅಜ್ಜಿ ಡಬ್ಬಿಯನ್ನು ಮೊದಲು ಹಣೆಗೆ ಮುಟ್ಟಿಸಿಕೊಂಡರು. ಆಮೇಲೆ ತಿರುಗಿಸಿ, ದಾರದ ಕೊಳವೆಯ ಸವೆತವನ್ನು ಉಗುರಿನಿಂದ ಮುಟ್ಟಿ, "ಎರಡು ತಲಿ ಹಾಕ್ಯಾರ, ತಾಯಿ, ತಾಯಿ ತಾಯಿ" ಎಂದರು. ಉದುರಿದ ಕಲ್ಲಿನ ಜಾಗಕ್ಕೆ ಹೊಸ ಕಲ್ಲು ಕೂರಿಸಬೇಡ ಎಂದರು. ಯಾರದೆಂದು ಹೇಳಲು ಅವರಿಗೂ ಆಗಲಿಲ್ಲ. ಅಂಥ ಎಷ್ಟೋ ಹೆಂಗಸರು ಆಗ ಸ್ವೆಟರ್ ಹೊತ್ತು ತಿರುಗುತ್ತಿದ್ದರು. "ನಿನ್ನ ಅತ್ತಿ ಮಾರಲಿಲ್ಲ?" ಎಂದು ಎರಡು ಸಲ ಕೇಳಿದರು. ಮಾರಲಿಲ್ಲ ಎಂದಾಗ ಇವರ ಕೈ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ. ಕ್ಯಾಂಪಿನ ಕಚೇರಿಯಲ್ಲಿ ಡಬ್ಬಿಯ ಫೋಟೊ, ಸುಮಾರು ವರ್ಷ, ಬ್ಯಾಡಗಿಯ ಮನೆಯ ಫೋನ್ ನಂಬರ್ ಬರೆದುಕೊಟ್ಟು ಬಂದೆವು.

ಟಿಬೆಟಿನದೇ ಆಗಬೇಕೆಂದಿಲ್ಲ, ನಿಮ್ಮ ಮನೆಯಲ್ಲೂ ಯಾರದೋ ಒತ್ತೆಯ, ಯಾರದೋ ನೆನಪಿನ ಇಂಥ ಒಡವೆ ಇದ್ದರೆ ಅದರ ಫೋಟೊ ತೆಗೆದು, ಯಾರು ಕೊಟ್ಟರು, ಯಾಕೆ ಕೊಟ್ಟರು ಎಂದು ಒಂದು ಚೀಟಿಯಲ್ಲಿ ಬರೆದು ಜತೆಗಿಡಿ. ಅತ್ತೆಯವರು ಆ ಹೆಂಗಸಿನ ಹೆಸರೊಂದನ್ನು ಬರೆದಿಟ್ಟಿದ್ದರೆ ನಾವು ಮುಂಡಗೋಡದಲ್ಲಿ ಅಷ್ಟು ಅಲೆಯುತ್ತಿರಲಿಲ್ಲ.

ಹುಣಸೆಹಣ್ಣು ಬೇಡ, ಸ್ವೆಟರೂ ಬೇಡ

ಕಲ್ಲು ಕೂರಿಸಿದ ಹಳೆಯ ಬೆಳ್ಳಿಯನ್ನು ತೊಳೆಯುವ ಉತ್ಸಾಹ ಮಾತ್ರ ತೋರಬೇಡಿ. ಬರೀ ಬೆಳ್ಳಿಗೆ ವಿಭೂತಿ, ಹುಣಸೆಹಣ್ಣು, ಹಲ್ಲಿನ ಪೇಸ್ಟು ಹಾಕಿ ತಿಕ್ಕುತ್ತೇವೆ, ಸರಿ. ಫಿರೋಜಾ ಸಣ್ಣ ಸಣ್ಣ ರಂಧ್ರಗಳ ಮೆತ್ತನೆಯ ಕಲ್ಲು. ಹುಳಿ ಅದನ್ನು ತಿನ್ನುತ್ತದೆ, ಎಣ್ಣೆ, ಸಾಬೂನು, ಸೆಂಟು ಒಳಗೆ ಇಂಗಿ ಬಣ್ಣ ಹಸಿರಿಗೆ ತಿರುಗುತ್ತದೆ. ಬಿಸಿ ನೀರಿಗೆ ಅಂಟು ಬಿಟ್ಟು ಕಲ್ಲು ಉದುರುತ್ತದೆ. ಒಣ ಮೆತ್ತನೆಯ ಹತ್ತಿ ಬಟ್ಟೆಯಿಂದ ಒರೆಸಿದರೆ ಸಾಕು. ಸಂದಿಯ ಕಪ್ಪು ಹಾಗೇ ಇರಲಿ, ಅದೇ ಅದರ ವಯಸ್ಸು. ತಲೆಗೆ ಎಣ್ಣೆ, ಮುಖಕ್ಕೆ ಪೌಡರು, ಸೆಂಟು ಎಲ್ಲ ಮುಗಿದ ಮೇಲೆ ಕೊನೆಗೆ ಒಡವೆ ಹಾಕಿಕೊಳ್ಳಿ, ಬಿಚ್ಚುವಾಗ ಮೊದಲು ಅದನ್ನೇ ಬಿಚ್ಚಿ.

ಉಣ್ಣೆಯಲ್ಲಿ ಗಂಧಕದ ಅಂಶವಿದೆ, ಅದರಲ್ಲಿ ಸುತ್ತಿಟ್ಟ ಬೆಳ್ಳಿ ಬೇಗ ಕಪ್ಪಾಗುತ್ತದೆ. ಬ್ಯಾಡಗಿಯ ಡಬ್ಬಿ ಹಾಗಾಗಿಯೇ ಅಷ್ಟು ಕಪ್ಪಾಗಿದ್ದು. ರಬ್ಬರ್ ಬ್ಯಾಂಡೂ ಬೇಡ. ಹಳೆಯ ಹತ್ತಿ ಪಂಚೆಯ ತುಂಡಿನಲ್ಲಿ ಸುತ್ತಿ, ಡಬ್ಬಿಗೆ ಒಂದು ಸೀಮೆಸುಣ್ಣದ ತುಂಡು ಹಾಕಿಟ್ಟರೆ ತೇವ ಹೀರಿಕೊಳ್ಳುತ್ತದೆ.

ಇನ್ನು ರಾಣೆಬೆನ್ನೂರಿನ ಸರ. ಕರಗಿಸಿದರೆ ಏನೂ ಬರುವುದಿಲ್ಲ, ಸರಾಫರು ಬೆಂಕಿ ದಂಡ ಎನ್ನುತ್ತಾರೆ. ಬಿಲ್ ಇದ್ದಿದ್ದರೆ, ಅದರಲ್ಲಿ 'ಬೆಳ್ಳಿ' ಎಂದು ಬರೆಸಿಕೊಂಡಿದ್ದರೆ, 1915ಕ್ಕೆ ಫೋನ್ ಮಾಡಿ ದೂರು ಬರೆಸಬಹುದಿತ್ತು. ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗಬಹುದಿತ್ತು, 5 ಲಕ್ಷದವರೆಗಿನ ದೂರಿಗೆ ಅಲ್ಲಿ ಶುಲ್ಕವೂ ಇಲ್ಲ. ಇವರ ಹತ್ತಿರ ಇದ್ದದ್ದು ಒಂದು ವಿಸಿಟಿಂಗ್ ಕಾರ್ಡು, ಆ ನಂಬರ್ ಸ್ವಿಚ್ ಆಫ್. ಆದರೆ ಅವರು ಹಣ ಕೊಟ್ಟದ್ದು ಮಗಳ ಮೊಬೈಲಿನಿಂದ, ಯುಪಿಐನಲ್ಲಿ. ಯಾರ ಖಾತೆಗೆ, ಯಾವ ದಿನ, ಎಷ್ಟು ಎಂಬುದೆಲ್ಲ ಅಲ್ಲಿ ದಾಖಲಾಗಿದೆ. ಅದನ್ನು, ಸರಾಫರಿಂದ 'ಬೆಳ್ಳಿ ಅಲ್ಲ' ಎಂದು ಒಂದು ಸಾಲು ಬರೆಸಿಕೊಂಡ ಚೀಟಿಯನ್ನು, ಎಕ್ಸಿಬಿಷನ್ನಿನ ಕರಪತ್ರವನ್ನು ಇಟ್ಟುಕೊಂಡು ದೂರು ಕೊಡಿ ಎಂದೆ.

"ಹಂಗಾರ ಮನ್ಯಾಗ ಹೇಳಬೇಕಾಗ್ತೈತಿ" ಎಂದು ಸುಮ್ಮನಾದರು. ಎರಡು ದಿನ ಬಿಟ್ಟು ಮತ್ತೆ ಫೋನ್. ಯಜಮಾನರಿಗೆ ಹೇಳಿದ್ದಾರೆ. ಬೈದರಂತೆ, ಎಂಟೂವರೆ ಸಾವಿರ ಹೋದದ್ದಕ್ಕಲ್ಲ, ಸಾಸಿವೆ ಡಬ್ಬಿಯ ವಿಷಯ ಮುಚ್ಚಿಟ್ಟದ್ದಕ್ಕೆ. ಆಮೇಲೆ ಅವರೇ ಕೂತು ದೂರಿನ ಅರ್ಜಿ ಬರೆದುಕೊಟ್ಟರಂತೆ.